ಏನು ಕೆಲಸದ ಮೇಲೆ?

ಹೆಂಗಸರು ಸೈಕಲ್ ಹೊಡೆಯಬಾರದು ಎಂದು ಈಗ ಯಾರೂ ಹೇಳುವುದಿಲ್ಲ. ಆ ಕಾಲ ಹೋಯಿತು. ಈಗ ಹೇಳುವುದಿಲ್ಲ, ಕೇಳುತ್ತಾರೆ. "ಎಲ್ಲಿಗೆ ಹೊರಟಿರಿ?" ಎಂಬುದು ಮೊದಲ ಪ್ರಶ್ನೆ. "ಕೊಕ್ಕರೆ ಬೆಳ್ಳೂರಿಗೆ" ಎಂದರೆ "ಅಲ್ಲೇನು ಕೆಲಸ?" ಎಂಬುದು ಎರಡನೆಯದು. "ಕೆಲಸ ಏನೂ ಇಲ್ಲ, ಸುಮ್ಮನೆ" ಎಂದುಬಿಟ್ಟಿರೋ, ಆಗ ಕೇಳಿದವರ ಮುಖ ನೋಡಬೇಕು. ಮನೆಯಲ್ಲಿ ಜಗಳವೋ, ತಲೆಯಲ್ಲಿ ಏನಾದರೂ ಏರುಪೇರೋ ಎಂದು ಹುಡುಕುವ ಮುಖ ಅದು.

ಇದೇ ಪ್ರಶ್ನೆಯನ್ನು ಗಂಡಸರಿಗೆ ಯಾರೂ ಕೇಳುವುದಿಲ್ಲ, ಗಮನಿಸಿದ್ದೀರಾ? ನಮ್ಮ ಮದ್ದೂರಿನಲ್ಲಿ ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತಿ ಹೊರಡುವ ಗಂಡಸರು ನೂರಾರು. ಅವರಲ್ಲಿ ಅರ್ಧ ಜನ ಹೋಗುವುದು ಟೀ ಅಂಗಡಿ ಬೆಂಚಿಗೆ. ಅಲ್ಲಿ ಕೂತು ಪೇಪರ್ ಓದಿ, ರಾಜಕೀಯ ಮಾತಾಡಿ, ಎಂಟಕ್ಕೆ ಮನೆಗೆ ಬಂದು "ಕಾಫಿ" ಎನ್ನುತ್ತಾರೆ. ಅದಕ್ಕೆ ಯಾರೂ ಕಾರಣ ಕೇಳಿದವರಿಲ್ಲ. ಹೆಂಗಸಿಗೆ ಮಾತ್ರ ದಾರಿಯ ಮೇಲೆ ಇರಲು ಒಂದು ಕಾರಣಪತ್ರ ಬೇಕು: ಹಿಟ್ಟಿನ ಗಿರಣಿ, ಹಾಲಿನ ಡೈರಿ, ಮಗುವಿನ ಸ್ಕೂಲು, ದೇವಸ್ಥಾನ. ಕೈಯಲ್ಲಿ ಒಂದು ಚೀಲ ಇದ್ದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ನನ್ನ ಒಬ್ಬ ಗೆಳತಿ ಖಾಲಿ ಚೀಲವನ್ನೇ ಹ್ಯಾಂಡಲ್ಲಿಗೆ ಸಿಕ್ಕಿಸಿಕೊಂಡು ಹೊರಡುತ್ತಾಳೆ. ಅವಳ ಬುದ್ಧಿವಂತಿಕೆಗೆ ನಾನು ನಕ್ಕಿದ್ದೇನೆ. ಆದರೆ ಆ ಖಾಲಿ ಚೀಲದ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಈ ಬರಹ ಅದರ ವಿರುದ್ಧ.

ನಾವು ಮೂವರು. ಮೂವರ ವಯಸ್ಸು ಕೂಡಿಸಿದರೆ ನೂರಾ ಅರವತ್ತು ದಾಟುತ್ತದೆ. ಒಬ್ಬಳು ಹೊಲಿಗೆ ಕೆಲಸದವಳು, ಒಬ್ಬಳು ಅಜ್ಜಿಯಾಗಿ ಎರಡು ವರ್ಷವಾದವಳು, ಇನ್ನೊಬ್ಬಳು ನಾನು. ತಿಂಗಳಿಗೆ ಎರಡು ಭಾನುವಾರ, ಚಳಿಗಾಲ ಕಳೆದು ಬಿಸಿಲು ಬಲಿಯುವವರೆಗೆ, ಸೈಕಲ್ ಮೇಲೆ ಕೊಕ್ಕರೆ ಬೆಳ್ಳೂರಿಗೆ ಹೋಗಿಬರುತ್ತೇವೆ. ಹೋಗಿ ಬಂದರೆ ನಲವತ್ತು ಕಿಲೋಮೀಟರ್ ಆಸುಪಾಸು. ಏರು ಬಂದರೆ ಇಳಿದು ತಳ್ಳುತ್ತೇವೆ. ನಾಚಿಕೆಯಿಲ್ಲ.

ದಾರಿ ಹೇಳುತ್ತೇನೆ, ಕೇಳಿ. ಊರು ಬಿಡುವಾಗ ಶಿವಪುರದ ಸತ್ಯಾಗ್ರಹ ಸೌಧ ಸಿಗುತ್ತದೆ. 1938ರ ಏಪ್ರಿಲ್‌ನಲ್ಲಿ ಸರ್ಕಾರದ ಆಜ್ಞೆ ಮೀರಿ ಬಾವುಟ ಹಾರಿಸಿದ ಜಾಗ ಅದು. ಆಮೇಲೆ ಹೆದ್ದಾರಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ರಸ್ತೆಯನ್ನು 2023ರ ಮಾರ್ಚ್‌ನಲ್ಲಿ ನಮ್ಮ ಜಿಲ್ಲೆಯ ಗೆಜ್ಜಲಗೆರೆಯಲ್ಲೇ ಉದ್ಘಾಟಿಸಿದರು. ಅದೇ ವರ್ಷ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಯಾವುದೂ ಬರಕೂಡದು ಎಂದರು. ಮೋಟಾರಿಲ್ಲದ ಗಾಡಿಯ ಮಾತಂತೂ ಬಿಡಿ. ಅಷ್ಟು ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಎಂಬುದು ಸರಿಯೇ, ನನ್ನ ತಕರಾರಿಲ್ಲ. ತಕರಾರು ಇರುವುದು ನಮಗೆ ಉಳಿಸಿದ ಪಕ್ಕದ ಸರ್ವಿಸ್ ರಸ್ತೆಯ ಬಗ್ಗೆ. ಅಲ್ಲಿ ಬಸ್ಸು, ಲಾರಿ, ಕಬ್ಬಿನ ಟ್ರ್ಯಾಕ್ಟರ್, ಎದುರಿನಿಂದ ಬರುವ ಬೈಕು, ಎಲ್ಲವೂ ಒಟ್ಟಿಗೆ ನುಗ್ಗುತ್ತವೆ. ಅಂಚಿನಲ್ಲಿ ಮೂರಡಿ ಬಿಳಿಗೆರೆ ಎಳೆದು "ಇದು ಸೈಕಲ್ಲಿಗೆ" ಎಂದು ಬರೆಯಲು ಎಷ್ಟು ಬಣ್ಣ ಬೇಕು? ಅಷ್ಟು ಸಾವಿರ ಕೋಟಿಯ ರಸ್ತೆಯಲ್ಲಿ ಅಷ್ಟು ಬಣ್ಣ ಉಳಿದಿರಲಿಲ್ಲವೆಂದು ಕಾಣುತ್ತದೆ.

ರುದ್ರಾಕ್ಷಿಪುರದ ಹತ್ತಿರ ಹೆದ್ದಾರಿ ಬಿಟ್ಟು ತಿರುಗಿದರೆ ಉಳಿದದ್ದು ಹನ್ನೆರಡು ಕಿಲೋಮೀಟರ್. ಅಲ್ಲಿಂದ ಮುಂದೆ ಕಿವಿ ತೆರೆಯುತ್ತದೆ. ಸ್ಕೂಟರಿನ ಹಿಂದೆ ಕೂತು ಇದೇ ದಾರಿಯಲ್ಲಿ ನಾನು ಎಷ್ಟೋ ಸಲ ಮದುವೆಗೆ, ತಿಥಿಗೆ, ನಾಮಕರಣಕ್ಕೆ ಹೋಗಿದ್ದೇನೆ. ಕಂಡದ್ದು ಯಜಮಾನರ ಬೆನ್ನು. ಸೈಕಲ್ ಮೇಲೆ ಹೋದಾಗಲೇ ಗೊತ್ತಾದದ್ದು ಈ ನೆಲ ಚಪ್ಪಟೆಯಲ್ಲವೆಂದು. ಒಂದು ದಿಬ್ಬ ಏರಿ, ಉಸಿರು ಬಿಟ್ಟು, ಇಳಿಜಾರಿನಲ್ಲಿ ಕಾಲು ಎತ್ತಿ ಹಿಡಿದುಕೊಂಡರೆ ಮುಂದಿನ ದಿಬ್ಬದ ಅರ್ಧದವರೆಗೂ ಸೈಕಲ್ಲೇ ಕರೆದೊಯ್ಯುತ್ತದೆ. ಎರಡು ಬದಿ ತೆಂಗು, ಹಿಪ್ಪುನೇರಳೆ, ಕೊಯ್ದು ಬಿಟ್ಟ ರಾಗಿ ಹೊಲ. ಯಾರದೋ ಮನೆಯ ಒಲೆಯ ಹೊಗೆ. ಕೊನೆಗೆ ಊರು, ಊರಾಚೆ ಶಿಂಷಾ ಹೊಳೆ. ನೀರು ಕೆಲವು ವರ್ಷ ಚೆನ್ನಾಗಿರುತ್ತದೆ, ಕೆಲವು ವರ್ಷ ಮರಳಿನ ನಡುವೆ ಸೆರಗಿನಷ್ಟೇ ಅಗಲ.

ಬೆಳ್ಳೂರಿನ ಹಕ್ಕಿಗಳ ಕತೆ ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಚಳಿ ಶುರುವಾಗುವ ಹೊತ್ತಿಗೆ ಹೆಜ್ಜಾರ್ಲೆಗಳು ಬರುತ್ತವೆ, ಅವುಗಳ ಜೊತೆಗೆ, ಇಲ್ಲವೇ ಸ್ವಲ್ಪ ಹಿಂದೆ, ಬಣ್ಣದ ಕೊಕ್ಕರೆಗಳು. ಬಂದು ಕಾಡಿನಲ್ಲಿ ಕೂರುವುದಿಲ್ಲ. ಊರೊಳಗಿನ ಹುಣಸೆ ಮರ, ಆಲದ ಮರ, ಮನೆ ಹಿತ್ತಿಲ ಮರಗಳಲ್ಲೇ ಗೂಡು ಕಟ್ಟುತ್ತವೆ. ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದರೆ ಏಳೆಂಟು ಅಡಿ ಅಗಲ. ಅಂಥದ್ದು ಹೆಂಚಿನ ಮಾಡಿನ ಮೇಲೆ ಹಾದುಹೋದರೆ ಅಂಗಳದಲ್ಲಿ ಮೋಡ ಬಂದು ಹೋದಂತೆ. ವಾಸನೆ ಇದೆ, ಸುಳ್ಳು ಹೇಳಲಾರೆ. ಒಣಗಲು ಹಾಕಿದ ಬಟ್ಟೆಯ ಮೇಲೆ ಏನು ಬೀಳುತ್ತದೆಂಬುದನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಹುಣಸೆ ಫಸಲು ಹಾಳಾಗುತ್ತದೆ. ಆದರೂ ಜನ ಮರ ಕಡಿಯಲಿಲ್ಲ, ಹಕ್ಕಿ ಓಡಿಸಲಿಲ್ಲ. ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಹಿಂದೆ ಊರು ಹೊಳೆಯ ದಂಡೆಯಲ್ಲೇ ಇತ್ತಂತೆ. ಪ್ಲೇಗು ಬಂದು ಜನ ಊರನ್ನು ಈಗಿನ ಜಾಗಕ್ಕೆ ಎತ್ತಿಕೊಂಡು ಬಂದಾಗ ಹಕ್ಕಿಗಳೂ ಹಿಂದೆಯೇ ಬಂದವಂತೆ. ಊರಿನ ಹಿರಿಯರು ಹೇಳುವ ಕತೆ ಇದು.

ಅರಣ್ಯಾಧಿಕಾರಿಯಾಗಿದ್ದ ಎಸ್.ಜಿ. ನೇಗಿನಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿಗೆ ತೋರಿಸಿದರು. ಆಮೇಲೆ ಹುಣಸೆ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. 1994ರಿಂದ ಮೈಸೂರಿನ ಕೆ. ಮನು ಊರಿನವರ ಜೊತೆ ನಿಂತು ಕೆಲಸ ಮಾಡಿದರು, 'ಹೆಜ್ಜಾರ್ಲೆ ಬಳಗ' ಹುಟ್ಟಿತು. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿದ ಜಾಗದಲ್ಲಿಟ್ಟು, ಮೀನು ತಿನ್ನಿಸಿ, ಹಾರುವಷ್ಟಾದ ಮೇಲೆ ಬಿಡುವ ಕೆಲಸ ಅವರದು. 2007ರಲ್ಲಿ ಸರ್ಕಾರ ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಸರ್ಕಾರಕ್ಕಿಂತ ಮೊದಲು ಊರೇ ಘೋಷಿಸಿಕೊಂಡಿತ್ತು ಎನ್ನಬೇಕು.

ಈ ಊರಿನವರು ಹಕ್ಕಿಗಳನ್ನು ಕುರಿತು ಒಂದು ಮಾತು ಹೇಳುತ್ತಾರೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಇವು, ಎಂದು. ಬೆಂಗಳೂರಿನಿಂದ ಕಾರಿನಲ್ಲಿ ಬಂದವರು ಇದನ್ನು ಕೇಳಿ ಕಣ್ಣೊದ್ದೆ ಮಾಡಿಕೊಂಡು ಹೋಗಿ ಲೇಖನ ಬರೆಯುತ್ತಾರೆ. ನನಗೂ ಆ ಮಾತು ಇಷ್ಟ. ಫಸಲಿನ ಲೆಕ್ಕ ಗೊತ್ತಿದ್ದೂ ಮಗಳ ಲೆಕ್ಕ ದೊಡ್ಡದು ಎಂದ ಜನ ಇವರು. ಆದರೆ ಅದೇ ಮಾತನ್ನು ಸೈಕಲ್ ತುಳಿದು ಬೆವರಿ ಬಂದ ಮೂವರು ಹೆಂಗಸರು ಕೇಳಿದಾಗ ಬೇರೆ ಥರ ಕೇಳಿಸುತ್ತದೆ. ನಮ್ಮಲ್ಲಿ ಮಗಳು ತವರಿಗೆ ಬರಲೂ ಒಂದು ಕಾರಣ ಬೇಕು, ಬಾಣಂತನ ಅಂಥದೊಂದು ದೊಡ್ಡ ಕಾರಣ. ಸುಮ್ಮನೆ ಬಂದ ಮಗಳನ್ನು ಮೊದಲ ದಿನ ತಾಯಿ ತಬ್ಬಿಕೊಳ್ಳುತ್ತಾಳೆ, ಮೂರನೆಯ ದಿನ ಪಕ್ಕದ ಮನೆಯವರು "ಯಾಕೆ ಬಂದಿದ್ದಾಳೆ?" ಎಂದು ಕೇಳುತ್ತಾರೆ, ವಾರ ಕಳೆದರೆ ತಾಯಿಗೇ ಭಯ ಶುರುವಾಗುತ್ತದೆ. ಹೆಜ್ಜಾರ್ಲೆಗೆ ಆ ಕಷ್ಟವಿಲ್ಲ. ಮರಿ ದೊಡ್ಡದಾದ ಮೇಲೆ ಅದು ತೈಲೂರು ಕೆರೆಗೆ ಹೋಯಿತೋ, ಇನ್ನೂ ಆಚೆ ಹೋಯಿತೋ, ಅತ್ತೆಗೆ ಹೇಳಿ ಹೋಯಿತೋ, ಕೇಳಿದವರಿಲ್ಲ.

ಒಂದು ಸಲ ನಾವು ಊರೊಳಗೆ ಮರದ ಕೆಳಗೆ ನಿಂತಿದ್ದಾಗ ಒಬ್ಬ ಮುದುಕಿ ಬಂದರು. "ಏನ್ ಕೆಲ್ಸ ಇತ್ತವ್ವ ಇತ್ಲಾಗೆ?" ಇಲ್ಲೂ ಅದೇ ಪ್ರಶ್ನೆ! ಹಕ್ಕಿ ನೋಡೋಕೆ ಬಂದೆವು ಎಂದೆ. "ಅಕ್ಕಿ ಎಲ್ಗೋಯ್ತವೆ, ಇಲ್ಲೇ ಇರ್ತವೆ. ಮೊದ್ಲು ನೀರ್ ಕುಡೀರಿ" ಎಂದು ಚೊಂಬು ತಂದುಕೊಟ್ಟರು. ಆಮೇಲೆ ನಮ್ಮ ಸೈಕಲ್ಲುಗಳನ್ನು ಬಹಳ ಹೊತ್ತು ನೋಡಿದರು. ಬೆಲ್ ಒತ್ತಿ ನೋಡಿದರು. ನನ್ನ ವಾದಕ್ಕೆ ಅನುಕೂಲವಾಗುವಂಥ ಯಾವ ಮಾತನ್ನೂ ಅವರು ಹೇಳಲಿಲ್ಲ, ಎರಡನೆಯ ಸಲ ಬೆಲ್ ಒತ್ತಿದರು, ಅಷ್ಟೇ.

ಸರ್ಕಾರದ ವಿಷಯಕ್ಕೆ ಬರೋಣ. 2006-07ರಲ್ಲಿ ನಮ್ಮ ರಾಜ್ಯದಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿದರು, ಆಮೇಲೆ ಹುಡುಗರಿಗೂ ಕೊಟ್ಟರು. ಸೈಕಲ್ಲಿನ ಗುಣಮಟ್ಟದ ಬಗ್ಗೆ ದೂರುಗಳಿದ್ದವು, ಇರಲಿ. ಬಿಹಾರದಲ್ಲಿ ಇದೇ ಹೊತ್ತಿಗೆ ಇಂಥದೇ ಯೋಜನೆ ಬಂತು. ಅಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಪ್ರಮಾಣ ಶೇಕಡಾ 30ರ ಆಸುಪಾಸು ಏರಿತೆಂದು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ತೋರಿಸಿದ್ದಾರೆ. ನಮ್ಮ ಯೋಜನೆ ಕೋವಿಡ್ ವರ್ಷಗಳಲ್ಲಿ ನಿಂತಿತು. ಮೊದಲ ವರ್ಷ ಸೈಕಲ್ ಪಡೆದ ಹುಡುಗಿಗೆ ಇವತ್ತು ಮೂವತ್ತು ದಾಟಿದೆ. ಅವಳನ್ನು ಹುಡುಕಿ ಕೇಳಿ, ಆ ಸೈಕಲ್ ಎಲ್ಲಿ ಎಂದು. ನಾನು ನನಗೆ ಗೊತ್ತಿರುವವರನ್ನು ಕೇಳಿದ್ದೇನೆ. ತಮ್ಮನ ಪಾಲಾಯಿತು, ಗುಜರಿಗೆ ಹೋಯಿತು, ಕೊಟ್ಟಿಗೆ ಗೋಡೆಗೆ ಒರಗಿದೆ. ಮದುವೆಯಾಗಿ ಹೋಗುವಾಗ ಮಂಚ, ಬೀರು, ಮಿಕ್ಸಿ ಎಲ್ಲ ಲಾರಿ ಹತ್ತಿದವು, ಸೈಕಲ್ ಹತ್ತಲಿಲ್ಲ. ಸೈಕಲ್ ಕೊಟ್ಟದ್ದು ಸ್ಕೂಲಿಗೆ ಹೋಗಲು, ಸ್ಕೂಲು ಮುಗಿಯಿತು. ಕಾರಣ ಮುಗಿದ ಮೇಲೆ ಕಾಲೇಕೆ?

ತಮಿಳುನಾಡಿನ ಪುದುಕ್ಕೋಟೆಯ ಮಾತು ಇದಕ್ಕಿಂತ ಬೇರೆ. 1991ರ ಸುಮಾರಿಗೆ ಅಲ್ಲಿ ಸಾಕ್ಷರತಾ ಚಳವಳಿಯ ಜೊತೆಗೆ ಹೆಂಗಸರಿಗೆ ಸೈಕಲ್ ಕಲಿಸಿದರು. ಜಿಲ್ಲಾಧಿಕಾರಿಯಾಗಿದ್ದ ಶೀಲಾ ರಾಣಿ ಚುಂಕತ್ ಸೈಕಲ್ ಕೊಳ್ಳಲು ಸಾಲ ಸಿಗುವ ಹಾಗೆ ಮಾಡಿದರು. ಲೇಡೀಸ್ ಸೈಕಲ್ ಸಾಕಾಗದೆ ಹೆಂಗಸರು ಜೆಂಟ್ಸ್ ಸೈಕಲ್ಲನ್ನೇ ಹತ್ತಿದರು. ಮುಂದಿನ ಅಡ್ಡಪಟ್ಟಿಯ ಮೇಲೆ ಮಗು ಕೂರಿಸಬಹುದಲ್ಲ ಎಂದು ಅದನ್ನೇ ಮೆಚ್ಚಿದವರೂ ಇದ್ದರು. ಪಿ. ಸಾಯಿನಾಥ್ ಅವರ ಬಗ್ಗೆ ಬರೆದಿದ್ದಾರೆ. ಆ ಹೆಂಗಸರು ಸ್ಕೂಲು ಹುಡುಗಿಯರಲ್ಲ. ಕೂಲಿಯವರು, ಕಲ್ಲು ಒಡೆಯುವವರು, ಮಕ್ಕಳೊಂದಿಗರು. ಅವರ ಮೇಲೂ ಮಾತು ಬಂತು, ಕೊಂಕು ಬಂತು. ಅವರು ಬೆಲ್ ಒತ್ತಿ ಮುಂದೆ ಹೋದರು.

ಕೂಲಿಯವರ ಮಾತು ಬಂದದ್ದರಿಂದ ನನ್ನ ವಿರುದ್ಧದ ಒಂದು ಗಟ್ಟಿ ವಾದವನ್ನು ನಾನೇ ಹೇಳಿಬಿಡುತ್ತೇನೆ. "ಇದೆಲ್ಲ ಹೊಟ್ಟೆ ತುಂಬಿದವರ ಆಟ. ದಿನವಿಡೀ ಕಬ್ಬಿನ ಗದ್ದೆಯಲ್ಲಿ ಬೆನ್ನು ಬಗ್ಗಿಸುವ ಹೆಂಗಸು ಭಾನುವಾರ ಸುಮ್ಮನೆ ಸೈಕಲ್ ಹೊಡೆದಾಳೆಯೇ?" ಹೊಡೆಯುವುದಿಲ್ಲ, ನಿಜ. ಅವಳಿಗೆ ಭಾನುವಾರವೇ ಇಲ್ಲ. ಆದರೆ ಈ ವಾದ ಹೂಡುವವರು ಅವಳಿಗೊಂದು ಭಾನುವಾರ ಕೊಡಿಸಲು ಏನಾದರೂ ಮಾಡಿದ್ದನ್ನು ನಾನಂತೂ ಕಂಡಿಲ್ಲ. ಅವಳ ಹೆಸರು ಅವರಿಗೆ ಬೇಕಾಗುವುದು ನನ್ನನ್ನು ಮನೆಗೆ ಕಳಿಸುವುದಕ್ಕೆ ಮಾತ್ರ.

ಇನ್ನೊಂದು ಗುಂಪಿದೆ, ಅವರು ನಮ್ಮ ಪರವಾಗಿ ಮಾತಾಡುವವರು. ಅವರ ಬಗ್ಗೆ ನನಗೆ ಹೆಚ್ಚು ಹೆದರಿಕೆ. "ಒಳ್ಳೆಯದು ಬಿಡಿ, ಶುಗರ್ ಕಂಟ್ರೋಲಿಗೆ ಬರುತ್ತೆ" ಎನ್ನುತ್ತಾರೆ. ನಮ್ಮ ಅಜ್ಜಿ ಗೆಳತಿ ಮನೆಯಲ್ಲಿ ಹೇಳಿರುವುದೂ ಅದನ್ನೇ: ಡಾಕ್ಟರು ಹೇಳಿದ್ದಾರೆ. ಡಾಕ್ಟರು ಹೇಳಿದ್ದಾರೆ ಎಂದ ಕೂಡಲೇ ಮನೆಯೇ ಎದ್ದು ನಿಂತು ಸೈಕಲ್ಲಿಗೆ ಗಾಳಿ ಹೊಡೆಸಿಕೊಟ್ಟಿತಂತೆ. ನೋಡಿ, 1890ರ ದಶಕದಲ್ಲಿ ಇಂಗ್ಲೆಂಡಿನ ಡಾಕ್ಟರುಗಳೇ ಸೈಕಲ್ ಹೊಡೆಯುವ ಹೆಂಗಸರಿಗೆ 'ಸೈಕಲ್ ಮುಖ' ಎಂಬ ರೋಗ ಬರುತ್ತದೆಂದು ಹೆದರಿಸುತ್ತಿದ್ದರು. ಕಣ್ಣು ಹೊರಗೆ ಬರುತ್ತದಂತೆ, ದವಡೆ ಬಿಗಿಯುತ್ತದಂತೆ. ಆಗ ಬೇಡ ಎನ್ನಲು ಡಾಕ್ಟರು, ಈಗ ಹೂಂ ಎನ್ನಲು ಡಾಕ್ಟರು. ಎರಡೂ ಸಲ ಚೀಟಿ ಅವರ ಕೈಯಲ್ಲೇ. ಕಾಯಿಲೆ ತೋರಿಸಿ ಅಪ್ಪಣೆ ಪಡೆಯುವ ಪದ್ಧತಿ ಬಂದರೆ ಕಾಯಿಲೆಯಿಲ್ಲದ ಹೆಂಗಸು ಏನು ಮಾಡಬೇಕು? ಅವಳು ಶುಗರ್ ಬರುವವರೆಗೆ ಒಳಗೇ ಕೂರಬೇಕೆ?

ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬರುವ ಸೈಕಲ್ ಗುಂಪುಗಳೂ ನಮಗೆ ಸಿಗುತ್ತವೆ. ಬೈಕಿಗಿಂತ ದುಬಾರಿ ಸೈಕಲ್, ಮೈಗಂಟಿದ ಬಟ್ಟೆ, ಕಪ್ಪು ಕನ್ನಡಕ. ಒಳ್ಳೆಯವರೇ. ಒಮ್ಮೆ ಅವರಲ್ಲೊಬ್ಬರು ನಿಲ್ಲಿಸಿ "ಮೇಡಂ, ಗೇರ್ ಇಲ್ಲವಾ?" ಎಂದು ಮರುಗಿದರು. ಇನ್ನೊಬ್ಬರು ಫೋಟೋ ಕೇಳಿದರು, "ತುಂಬಾ ಸ್ಫೂರ್ತಿ ಕೊಡ್ತೀರಿ" ಎಂದರು. ಬೇಡ ಎಂದೆ. ನಾವು ಯಾರ ಸ್ಫೂರ್ತಿಯೂ ಅಲ್ಲ. ಸ್ಫೂರ್ತಿಯೂ ಒಂದು ಕೆಲಸವೇ ಅಲ್ಲವೆ? ಮತ್ತೆ ನಮ್ಮ ಕೈಗೆ ಚೀಲ ಕೊಟ್ಟಂತೆಯೇ. ಊರಿನ ಸೈಕಲ್ ಅಂಗಡಿಯೊಂದರಲ್ಲಿ ನಾನು ಸೈಕಲ್ ಕೊಳ್ಳಲು ಹೋದಾಗ ಅಂಗಡಿಯವರು ಮಕ್ಕಳ ಸೈಕಲ್ ಸಾಲಿನತ್ತ ಕೈತೋರಿಸಿ "ಮೊಮ್ಮಗನಿಗೆ ಎಷ್ಟು ವರ್ಷ?" ಎಂದು ಕೇಳಿದ್ದರು. ಸ್ಫೂರ್ತಿಯವರಿಗಿಂತ ಅವರೇ ವಾಸಿ. ನನಗೇ ಬೇಕು ಎಂದ ಮೇಲೆ ಸೀಟು ಇಳಿಸಿಕೊಟ್ಟು, ಸೀರೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಜಾಲರಿ ಹಾಕಿಸಿ ಕಳಿಸಿದರು.

ಹೆದರಿಕೆಯ ಮಾತು. ಇದನ್ನು ತಳ್ಳಿಹಾಕುವ ಧೈರ್ಯಶಾಲಿ ನಾನಲ್ಲ. ದಾರಿಯಲ್ಲಿ ಬೈಕಿನ ಹುಡುಗರು ಏನಾದರೂ ಅಂದು ಹೋಗುತ್ತಾರೆ. ಟ್ರ್ಯಾಕ್ಟರಿನ ಎರಡು ಟ್ರೈಲರ್ ಪಕ್ಕದಲ್ಲಿ ಹಾದುಹೋಗುವಾಗ ಕಬ್ಬಿನ ತುದಿ ಕೆನ್ನೆಗೆ ತಾಗುತ್ತದೆ. ನಾಯಿಗಳ ಕಾಟ ಬೇರೆ. ಅಂದ ಹಾಗೆ ನಾಯಿಯ ವಿಷಯದಲ್ಲಿ ನಮ್ಮ ಮದ್ದೂರು ತಾಲ್ಲೂಕಿಗೆ ಸಾವಿರ ವರ್ಷದ ಹೆಮ್ಮೆಯಿದೆ. ಆತಕೂರಿನಲ್ಲಿ ಸಿಕ್ಕ ಕ್ರಿ.ಶ. 949-50ರ ಕನ್ನಡ ಶಾಸನ, ಹಂದಿಯೊಂದಿಗೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ನೆನಪನ್ನು ಕಲ್ಲಿನಲ್ಲಿ ಕೆತ್ತಿಸಿದ್ದು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ, ಕಾಳಿಯ ವಂಶಸ್ಥರು ಮಾತ್ರ ಇಲ್ಲೇ ಇದ್ದಾರೆ, ಸೈಕಲ್ ಕಂಡರೆ ಹಂದಿಯೆಂದೇ ತಿಳಿಯುತ್ತಾರೆ. ಇಳಿದು ನಿಂತರೆ ಸುಮ್ಮನಾಗುತ್ತಾರೆ. ಬೈಕಿನ ಹುಡುಗರಿಗಿಂತ ಇವರು ವಾಸಿ.

ಕತ್ತಲಲ್ಲಿ ನಾವು ಹೋಗುವುದಿಲ್ಲ. ಒಬ್ಬಳೇ ಹೋಗುವುದಿಲ್ಲ. ಹಲಗೂರು ದಾಟಿ ಮುತ್ತತ್ತಿಯ ಕಾಡಿನೊಳಗೆ ಇಳಿಯುವ ಬೆಟ್ಟದ ದಾರಿ ಹೊಲಿಗೆ ಗೆಳತಿಗೆ ಬಹಳ ಆಸೆ. ಅಲ್ಲಿ ಆನೆಗಳಿವೆ, ಆ ಮಾತು ಎತ್ತಬೇಡ ಎಂದು ನಾವಿಬ್ಬರೂ ಹೇಳಿದ್ದೇವೆ. ಇಷ್ಟೆಲ್ಲ ಜಾಗ್ರತೆ ಇದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ದಾರಿ ಅಪಾಯ ಎಂದು ಯಾರನ್ನು ದಾರಿಯಿಂದ ತೆಗೆಯುತ್ತೇವೆ? ಅಂದು ಹೋದ ಹುಡುಗನನ್ನು ಯಾರೂ ಮನೆಯಲ್ಲಿ ಕೂಡಿಹಾಕುವುದಿಲ್ಲ. ಹೆಂಗಸರೆಲ್ಲ ಬಾಗಿಲು ಹಾಕಿಕೊಂಡ ದಾರಿಯಲ್ಲಿ ಒಬ್ಬ ಹೆಂಗಸು ಕಂಡರೆ ಅವಳು ತಮಾಷೆ. ಮೂವತ್ತು ಜನ ಕಂಡರೆ? ನಾವು ಹೋಗಲು ಶುರುಮಾಡಿದ ಎರಡನೆಯ ವರ್ಷಕ್ಕೇ ಆ ಹನ್ನೆರಡು ಕಿಲೋಮೀಟರಿನಲ್ಲಿ ಅನ್ನುವವರು ಕಡಿಮೆಯಾದರು. ಯಾರಿಗೂ ಬುದ್ಧಿ ಬಂದದ್ದರಿಂದಲ್ಲ, ನಾವು ಹಳಬರಾದದ್ದರಿಂದ.

ನನ್ನ ಕಣ್ಣಿಗೆ ಇವೆಲ್ಲಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ. ನಾಚಿಕೆಯಿಲ್ಲದೆ ಬರೆಯುತ್ತೇನೆ, ಓದುವವರಿಗೆ ಗೊತ್ತಾಗುತ್ತದೆ. ಮೂರು ನಾಲ್ಕು ಗಂಟೆ ದಾರಿಯ ಮೇಲಿರುವ ಹೆಂಗಸಿಗೆ ಹೋಗಲು ಒಂದು ಕಕ್ಕಸು ಇಲ್ಲ. ಗಂಡಸಿಗೆ ಹುಣಸೆ ಮರವಿದೆ. ನಾವು ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತೇವೆ, ಬಿಸಿಲಲ್ಲಿ ತಲೆನೋವು ತರಿಸಿಕೊಳ್ಳುತ್ತೇವೆ. ಆ ಮುದುಕಿ ಕೊಟ್ಟ ಚೊಂಬಿನ ನೀರನ್ನು ಅರ್ಧ ಕುಡಿದು ವಾಪಸ್ ಕೊಟ್ಟಾಗ ಅವರು ಬೇಸರ ಮಾಡಿಕೊಂಡರು. ಏನೆಂದು ವಿವರಿಸುವುದು? 2023ರ ಜೂನ್‌ನಿಂದ ನಮಗೆ ಸರ್ಕಾರಿ ಬಸ್ಸು ಉಚಿತ. ಒಳ್ಳೆಯ ಕೆಲಸ, ಲಕ್ಷಾಂತರ ಹೆಂಗಸರು ಮನೆ ಬಿಟ್ಟು ಹೊರಗೆ ಬಂದರು. ಬಂದ ಹೆಂಗಸರಿಗೆ ನೀರು ಕುಡಿಯುವ ಧೈರ್ಯವನ್ನೂ ಸರ್ಕಾರ ಕೊಡಬೇಕು. ರುದ್ರಾಕ್ಷಿಪುರದ ಕೂಡುರಸ್ತೆಯಲ್ಲಿ ಒಂದು, ಬೆಳ್ಳೂರಿನ ಊರಬಾಗಿಲಲ್ಲಿ ಒಂದು, ಬೀಗ ಹಾಕದ, ನೀರು ಬರುವ ಕಕ್ಕಸು ಸಿಕ್ಕರೆ ಸಾಕು. ಹಕ್ಕಿ ನೋಡುವ ಗೋಪುರ, ಸ್ವಾಗತ ಕಮಾನು ಇವೆಲ್ಲ ಆಮೇಲೆ ಆಗಲಿ.

ನಿಂತುಹೋದ ಸೈಕಲ್ ಯೋಜನೆ ಮತ್ತೆ ಶುರುವಾಗಲಿ ಎಂದೂ ಕೇಳುತ್ತೇನೆ, ಸೀಟು ಏರಿಸಲು ಬರುವಂಥ, ಹದಿಮೂರಕ್ಕೂ ಮೂವತ್ತಕ್ಕೂ ಆಗುವಂಥ ಸೈಕಲ್. ನಮ್ಮ ಕಾಲದಲ್ಲಿ ಗಂಟೆಗೆ ಇಷ್ಟು ಎಂದು ಸೈಕಲ್ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು, ಅಂಥದೊಂದು ಪ್ರತಿ ತಾಲ್ಲೂಕು ಬಸ್ ನಿಲ್ದಾಣದಲ್ಲಿ ಇರಲಿ. ನಿಮ್ಮ ಹತ್ತಿರ ಕೇಳುವುದು ಇಷ್ಟೇ: ಮಗಳ ಮದುವೆಯ ಲಾರಿಗೆ ಸಾಮಾನು ಏರಿಸುವಾಗ ಸೈಕಲ್ಲನ್ನೂ ಏರಿಸಿ. ಬೀಗರು "ಇದು ಯಾಕೆ?" ಎಂದರೆ ಉತ್ತರ ಕೊಡಬೇಡಿ, ಹಗ್ಗ ಬಿಗಿಯಾಗಿ ಕಟ್ಟಿ.

ಬರುವ ಭಾನುವಾರ ನಾವು ಬೆಳ್ಳೂರಿಗೆ ಹೋಗುವುದಿಲ್ಲ. ಶಿಂಷೆಯ ದಡದಲ್ಲೇ ವೈದ್ಯನಾಥಪುರದ ಗುಡಿಯವರೆಗೆ ಹೋಗಿ, ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂತು, ಬಿಸಿಲೇರುವ ಮೊದಲು ತಿರುಗಿ ಬರುವುದೆಂದು ಮಾತಾಗಿದೆ. ಹತ್ತಿರದ ದಾರಿ, ಹೊಸಬರಿಗೆ ಕಷ್ಟವಾಗುವುದಿಲ್ಲ. ಆರಕ್ಕೆ ಹೊಳೆ ಆಂಜನೇಯನ ಗುಡಿಯ ಹತ್ತಿರ ಸೇರುತ್ತೇವೆ. ಗಾಳಿ ಹೊಡೆಯುವ ಪಂಪು ನಮ್ಮ ಹತ್ತಿರ ಒಂದೇ ಇದೆ, ಅದೂ ಸೋರುತ್ತದೆ, ಮನೆಯಲ್ಲಿದ್ದವರು ತನ್ನಿ.